ಹಳೇ ಪಿಡಿಎಫ್‌ಗಳಲ್ಲಿರೋ ಲೋಗೋನ ಕೋಡ್ ಬರೆದು ಬದಲಾಯಿಸೋದು ಹೇಗೆ? ಮೂಲ ಫೈಲ್ ಇಲ್ಲ

ಅಕ್ಷರಜೋಡಣೆ:
ಎಲ್ರಿಗೂ ನಮಸ್ಕಾರ. ಮಕ್ಕಳ ಅಭ್ಯಾಸ ಪುಸ್ತಕ ಮಾಡೋ ಒಂದು ಚಿಕ್ಕ ಪ್ರಕಾಶನದಲ್ಲಿ ಡಿಟಿಪಿ ನೋಡ್ಕೊಳ್ತೀನಿ, ಸ್ವಲ್ಪ ಪೈಥಾನ್ ಬರುತ್ತೆ. ಈ ವರ್ಷ ನಮ್ಮ ಲೋಗೋ ಬದಲಾಯ್ತು, ಅದರ ಕೆಳಗಿರೋ ವಿಳಾಸ, ಫೋನ್ ನಂಬರೂ ಬದಲಾಯ್ತು, ಅವೆರಡೂ ಲೋಗೋ ಚಿತ್ರದೊಳಗೇ ಸೇರ್ಕೊಂಡಿವೆ. ಹಳೇ ಪುಸ್ತಕಗಳ ಪಿಡಿಎಫ್ ನೂರಾರು ಇವೆ, ಶಾಲೆಯವ್ರು ಇವತ್ತಿಗೂ ಅವನ್ನೇ ತರಿಸ್ಕೊಂಡು ಪ್ರಿಂಟ್ ಹಾಕಿಸ್ತಾರೆ. ಪೇಜ್‌ಮೇಕರ್ ಫೈಲುಗಳು ಹಳೇ ಹಾರ್ಡ್‌ಡಿಸ್ಕ್ ಜೊತೆಗೇ ಹೋದವು. ಅಕ್ಷರ ಪೂರ್ತಿ ನುಡಿ ಫಾಂಟಲ್ಲಿದೆ, ಯೂನಿಕೋಡ್ ಅಲ್ಲ.

ಪುಟದಲ್ಲಿ ಬೇರೆ ಏನನ್ನೂ ಮುಟ್ಟದೆ ಆ ಚಿತ್ರ ಒಂದೇ ಬದಲಾಗಬೇಕು. ಪೈಮುಪಿಡಿಎಫ್ (ಪಿಡಿಎಫ್ ತಿದ್ದೋ ಪೈಥಾನ್ ಲೈಬ್ರರಿ) ಹಾಕಿ ನೋಡ್ದೆ. ಕೆಲವು ಫೈಲಲ್ಲಿ ಸಲೀಸಾಗಿ ಆಗುತ್ತೆ, ಕೆಲವದ್ರಲ್ಲಿ ಹೊಸ ಲೋಗೋ ಅಡ್ಡಡ್ಡ ಎಳ್ದಂಗೆ ಕಾಣುತ್ತೆ, ಇನ್ನು ಕೆಲವದ್ರಲ್ಲಿ ಚಿತ್ರಗಳ ಪಟ್ಟಿ ಕೇಳಿದ್ರೆ ಖಾಲಿ ಬರುತ್ತೆ, ಲೋಗೋ ಕಣ್ಣೆದುರಿಗೇ ಇದ್ರೂ. ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ತುಂಗಾತೀರ:
ಲಿಬ್ರೆ ಆಫೀಸ್ ಡ್ರಾನಲ್ಲಿ ತೆಗೆದು, ಹಳೇದು ಡಿಲೀಟ್ ಮಾಡಿ ಹೊಸದು ಇಟ್ಟು ಎಕ್ಸ್‌ಪೋರ್ಟ್ ಮಾಡಿ. ಇಷ್ಟಕ್ಕೆ ಕೋಡ್ ಯಾಕೆ?

ಮೊಳೆಅಚ್ಚು:
ಬೇಡ, ದಯವಿಟ್ಟು ಬೇಡ. ಡ್ರಾ ಪಿಡಿಎಫ್‌ನ ಚೂರುಚೂರು ಮಾಡ್ಕೊಂಡು ಮತ್ತೆ ಹೊಸದಾಗಿ ಕಟ್ಟುತ್ತೆ. ಇಂಗ್ಲಿಷ್ ಪುಟ ಆದ್ರೆ ಹೆಂಗೋ ಬಚಾವಾಗುತ್ತೆ, ಕನ್ನಡದಲ್ಲಿ ಒತ್ತು ಒಂದ್ಕಡೆ ದೀರ್ಘ ಒಂದ್ಕಡೆ ಹೋಗಿ ಕೂರುತ್ತೆ, ಆ ಸಿಸ್ಟಮಲ್ಲಿ ನುಡಿ ಫಾಂಟ್ ಇಲ್ದಿದ್ರಂತೂ ಪುಟ ತುಂಬಾ ಇಂಗ್ಲಿಷ್ ಅಕ್ಷರ, ಚಿಹ್ನೆ. ನೂರಾರು ಫೈಲಲ್ಲಿ ಯಾರು ಕೂತು ಕರಡು ತಿದ್ತಾರೆ? ಮಕ್ಕಳು ಓದೋ ಪುಸ್ತಕ ಅದು, ಒಂದು ಒತ್ತಕ್ಷರ ತಪ್ಪಿದ್ರೂ ಮಗು ಅದನ್ನೇ ಕಲಿಯುತ್ತೆ.

ಒಳಪುಟ:
ಮೊಳೆಅಚ್ಚು ಹೇಳಿದ್ದು ನೂರಕ್ಕೆ ನೂರು ಸರಿ. ಅಕ್ಷರಜೋಡಣೆ ಸರ್, ಪಿಡಿಎಫ್ ಒಳಗೆ ಚಿತ್ರ ಹೆಂಗಿರುತ್ತೆ ಅಂತ ಒಂದ್ಸಲ ತಲೆಗೆ ಹೋದ್ರೆ ನಿಮ್ಮ ಮೂರೂ ಸಮಸ್ಯೆಗೆ ಉತ್ತರ ಸಿಗುತ್ತೆ, ಸ್ವಲ್ಪ ಉದ್ದ ಬರೀತೀನಿ.

ಸಾಮಾನ್ಯವಾಗಿ ಚಿತ್ರ ಪುಟದೊಳಗೆ ಇರೋದೇ ಇಲ್ಲ. ಅದು ಫೈಲಲ್ಲಿ ಬೇರೆ ಎಲ್ಲೋ ತನ್ನದೇ ನಂಬರ್ ಇರೋ ಆಬ್ಜೆಕ್ಟ್ ಆಗಿ ಕೂತಿರುತ್ತೆ, ಅದಕ್ಕೆ ಇಮೇಜ್ ಎಕ್ಸ್‌ಆಬ್ಜೆಕ್ಟ್ ಅಂತಾರೆ. ಪುಟದ ಕಂಟೆಂಟ್ ಸ್ಟ್ರೀಮಲ್ಲಿ, ಅಂದ್ರೆ ಪುಟ ಬಿಡಿಸೋ ಆಜ್ಞೆಗಳ ಸಾಲಲ್ಲಿ, ಆ ಚಿತ್ರದ ಬಗ್ಗೆ ಇರೋದು ಎರಡೇ ಮಾತು: ಆರು ಸಂಖ್ಯೆಯ ಒಂದು ಮ್ಯಾಟ್ರಿಕ್ಸ್, ಆಮೇಲೆ ಇಂಥ ಹೆಸರಿನ ಚಿತ್ರ ಬಿಡಿಸು ಅನ್ನೋ ಆಜ್ಞೆ. ಗೋಡೆ ಮೇಲಿನ ಫ್ರೇಮ್ ಹಾಗೇ ಬಿಟ್ಟು ಒಳಗಿನ ಫೋಟೋ ಬದಲಾಯಿಸಿದಂಗೆ, ಆಬ್ಜೆಕ್ಟ್ ಬದಲಾಯಿಸಿದ್ರೆ ಸಾಕು, ಪುಟದ ಅಕ್ಷರ, ಫಾಂಟ್ ಯಾವುದನ್ನೂ ಮುಟ್ಟೋ ಅಗತ್ಯ ಬೀಳಲ್ಲ. ನುಡಿ ಆಗ್ಲಿ ಯೂನಿಕೋಡ್ ಆಗ್ಲಿ ಒಂದೇ.

ಎಳ್ದಂಗೆ ಕಾಣೋದು ಯಾಕಂದ್ರೆ, ಪಿಡಿಎಫ್ ಪ್ರಕಾರ ಪ್ರತಿ ಚಿತ್ರಾನೂ 1ಕ್ಕೆ 1 ಅಳತೆಯ ಚೌಕ, ಪಿಕ್ಸೆಲ್ ಎಷ್ಟೇ ಇರ್ಲಿ. ಅದನ್ನ ಹಿಗ್ಗಿಸೋದು ಆ ಮ್ಯಾಟ್ರಿಕ್ಸ್. ಮ್ಯಾಟ್ರಿಕ್ಸಲ್ಲಿ 144, 0, 0, 72 ಅಂತಿದ್ರೆ 144 ಪಾಯಿಂಟ್ ಅಗಲ, 72 ಪಾಯಿಂಟ್ ಎತ್ತರ, ಅಂದ್ರೆ 2 ಇಂಚು ಬೈ 1 ಇಂಚು. ಹಳೇ ಲೋಗೋ ಉದ್ದಕ್ಕಿತ್ತು, ಹೊಸದು ಚೌಕ ಇದ್ರೆ ಅದೂ 2 ಬೈ 1ಕ್ಕೆ ಎಳೆಸ್ಕೊಳ್ಳುತ್ತೆ. ಪರಿಹಾರ ಸುಲಭ, ಬದಲಾಯಿಸೋಕ್ ಮುಂಚೆ ಹೊಸ ಲೋಗೋನ ಪಿಲ್ಲೋನಲ್ಲಿ (ಚಿತ್ರ ತಿದ್ದೋ ಪೈಥಾನ್ ಲೈಬ್ರರಿ) 2 ಬೈ 1 ಕ್ಯಾನ್ವಾಸ್ ಮಧ್ಯೆ ಇಟ್ಟು, ಅಕ್ಕಪಕ್ಕ ಪಾರದರ್ಶಕ ಜಾಗ ಬಿಟ್ಟು ಸೇವ್ ಮಾಡಿ. ಪುಟದ ಮೇಲೆ 2 ಇಂಚು ಅಗಲ, 300 ಡಿಪಿಐ ಬೇಕು ಅಂದ್ರೆ 600 ಪಿಕ್ಸೆಲ್ ಅಗಲ ಇರ್ಬೇಕು. ಜಾಗ ಎಷ್ಟಿದೆ ಅಂತ ಗೆಟ್ ಇಮೇಜ್ ರೆಕ್ಟ್ಸ್ ಕೇಳಿದ್ರೆ ಅದೇ ಹೇಳುತ್ತೆ.

ಇನ್ನು ಖಾಲಿ ಪಟ್ಟಿ. ಎರಡು ಕಾರಣ ಇರ್ಬಹುದು. ಒಂದು, ಲೋಗೋ ಚಿತ್ರವೇ ಅಲ್ಲ, ವೆಕ್ಟರ್. ಕೋರೆಲ್‌ಡ್ರಾನಲ್ಲಿ ಮಾಡಿ ಇಪಿಎಸ್ ಆಗಿ ಪೇಜ್‌ಮೇಕರ್‌ಗೆ ತಂದಿದ್ರೆ ಬರೀ ಗೆರೆ, ಬಣ್ಣ ತುಂಬೋ ಆಜ್ಞೆಗಳಿರುತ್ತೆ. ಎರಡು, ಇನ್‌ಲೈನ್ ಚಿತ್ರ, ಚಿಕ್ಕ ಚಿತ್ರದ ಬೈಟ್‌ಗಳನ್ನ ನೇರ ಪುಟದ ಸ್ಟ್ರೀಮಲ್ಲೇ ಸುರಿದಿರ್ತಾರೆ, ಅದಕ್ಕೆ ಆಬ್ಜೆಕ್ಟ್ ನಂಬರೇ ಇಲ್ಲ. ಗೆಟ್ ಇಮೇಜ್ ಇನ್ಫೋನ ಎಕ್ಸ್‌ರೆಫ್ಸ್ ಆನ್ ಮಾಡಿ ಕರೆದು ನೋಡಿ, ಅದು ಇನ್‌ಲೈನ್ ಚಿತ್ರಾನೂ ತೋರಿಸುತ್ತೆ, ನಂಬರ್ ಜಾಗದಲ್ಲಿ 0 ಬರುತ್ತೆ. ಅಲ್ಲೂ ಏನೂ ಬರ್ಲಿಲ್ಲ ಅಂದ್ರೆ ವೆಕ್ಟರ್ ಅಂತ ಇಟ್ಕೊಳ್ಳಿ.

ಪುಟ್ಟಪೈಥಾನ್:
ಗುರು ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ಥ್ಯಾಂಕ್ಸ್.

ತುಂಗಾತೀರ:
ಸರಿ ಡ್ರಾ ಬೇಡ. ಆದ್ರೆ ಇಷ್ಟೆಲ್ಲಾ ಆಬ್ಜೆಕ್ಟ್ ಗೀಬ್ಜೆಕ್ಟ್ ಯಾಕೆ, ಹಳೇ ಲೋಗೋ ಮೇಲೆ ಒಂದು ಬಿಳಿ ಆಯತ ಹಾಕಿ ಅದರ ಮೇಲೆ ಹೊಸ ಚಿತ್ರ ಇಟ್ರೆ ಆಯ್ತು. ವೆಕ್ಟರ್ ಇನ್‌ಲೈನ್ ಎಲ್ಲದಕ್ಕೂ ಒಂದೇ ಕೋಡ್. ಪ್ರಿಂಟಲ್ಲಿ ಯಾರಿಗೂ ಗೊತ್ತಾಗಲ್ಲ.

ಕಡಲಕೋಡು:
ಮಾರಾಯ್ರೆ, ಪ್ರಿಂಟಿಗೆ ಗೊತ್ತಾಗುದಿಲ್ಲ, ಫೈಲಿಗೆ ಗೊತ್ತಾಗ್ತದೆ. ಕೆಳಗೆ ಹಳೇ ಚಿತ್ರ ಹಾಗೇ ಉಂಟು. ಪಾಪ್ಲರ್ ಎಂಬ ಉಚಿತ ಪಿಡಿಎಫ್ ಸಾಧನದ ಜೊತೆ ಬರುವ ಪಿಡಿಎಫ್‌ಇಮೇಜಸ್ ಓಡಿಸಿದ್ರೆ ಯಾರು ಬೇಕಾದ್ರೂ ಹೊರಗೆ ತೆಗೀಬಹುದು. ಲೋಗೋ ಆದ್ರೆ ಹೋಗಲಿ. ಆದ್ರೆ ನಮ್ಮ ಕಡೆ ಒಂದು ಸಂಘದವರು ಸದಸ್ಯರ ಅರ್ಜಿಗಳ ಪಿಡಿಎಫಲ್ಲಿ ಆಧಾರ್ ಕಾರ್ಡಿನ ಚಿತ್ರದ ಮೇಲೆ ಹೀಗೇ ಕಪ್ಪು ಪಟ್ಟಿ ಹಾಕಿ ಎಲ್ಲರಿಗೂ ವಾಟ್ಸಾಪ್ ಮಾಡಿದ್ರು. ಪಟ್ಟಿಯ ಕೆಳಗೆ ಎಲ್ಲರ ನಂಬರ್ ಇಡೀ ಇತ್ತು. ಮುಚ್ಚುದು ಬೇರೆ, ಬದಲಾಯಿಸುದು ಬೇರೆ. ಇದನ್ನು ಅಭ್ಯಾಸ ಮಾಡ್ಕೊಳ್ಳುದೇ ಬೇಡ.

ಮೊಳೆಅಚ್ಚು:
ಪ್ರಿಂಟಲ್ಲೂ ಗೊತ್ತಾಗುತ್ತೆ. ಮಕ್ಕಳ ಪುಸ್ತಕದ ಹಿಂಬದಿ ರಕ್ಷಾಪುಟ ಎಲ್ಲಿ ಬಿಳಿ ಇರುತ್ತೆ? ತಿಳಿ ಹಳದಿ, ತಿಳಿ ನೀಲಿ. ಅದರ ಮೇಲೆ ಬಿಳಿ ಆಯತ ಹಾಕಿದ್ರೆ ತೇಪೆ ಎದ್ದು ಕಾಣುತ್ತೆ.

ತುಂಗಾತೀರ:
ಆಧಾರ್ ವಿಷಯ ಒಪ್ಪಿದೆ. ಲೋಗೋಗೆ ಇಷ್ಟು ಬೇಕಾ ಅನ್ನೋದು ಇನ್ನೂ ನನ್ ಪ್ರಶ್ನೆ.

ಒಳಪುಟ:
ಅವ್ರ ಲೋಗೋ ಒಳಗೆ ಹಳೇ ಫೋನ್ ನಂಬರಿದೆ ಸರ್. ಅದು ಈಗ ಬೇರೆ ಯಾರ ಕೈಲೋ ಇರ್ಬಹುದು. ಹಂಚೋ ಫೈಲಲ್ಲಿ ಅದು ಉಳೀಬಾರ್ದು.

ಇದಕ್ಕೇ ಸಂಬಂಧಪಟ್ಟ ಇನ್ನೊಂದು ಮಾತು, ಸೇವ್ ಮಾಡೋ ರೀತಿ. ಪಿಡಿಎಫ್‌ಗೆ ಇನ್‌ಕ್ರಿಮೆಂಟಲ್ ಸೇವ್ ಅಂತ ಇದೆ, ಹಳೇ ಬೈಟ್‌ಗಳನ್ನ ಮುಟ್ಟದೆ ಬದಲಾವಣೆ ಮಾತ್ರ ಕೊನೇಲಿ ಅಂಟಿಸುತ್ತೆ. ಹಂಗೆ ಸೇವ್ ಮಾಡಿದ್ರೆ ರೀಡರಲ್ಲಿ ಹೊಸ ಲೋಗೋ ಕಂಡ್ರೂ ಹಳೇದು ಫೈಲಲ್ಲೇ ಬಿದ್ದಿರುತ್ತೆ. ಬೇರೆ ಹೆಸರಿಗೆ ಪೂರ್ತಿ ಸೇವ್ ಮಾಡಿ, ಗಾರ್ಬೇಜ್ 4, ಡಿಫ್ಲೇಟ್ ಟ್ರೂ ಕೊಡಿ. ಯಾರೂ ಬಳಸದ ಆಬ್ಜೆಕ್ಟ್ ಕಸ ಹೋಗುತ್ತೆ, ಒಂದೇ ಥರದ ಎರಡು ಸ್ಟ್ರೀಮ್ ಇದ್ರೆ ಒಂದಾಗುತ್ತೆ, ಫೈಲ್ ಸೈಜೂ ಇಳಿಯುತ್ತೆ.

ಜಾವಾಮೇಷ್ಟ್ರು:
ಎಲ್ಲರೂ ಪೈಥಾನ್ ಅಂತೀರ, ಜಾವಾದವ್ರಿಗೂ ಒಂದು ಸಾಲು ಇರಲಿ. ಪಿಡಿಎಫ್‌ಬಾಕ್ಸಲ್ಲಿ ಪುಟದ ರಿಸೋರ್ಸಸ್ ತಗೊಂಡು, ಎಕ್ಸ್‌ಆಬ್ಜೆಕ್ಟ್ ಹೆಸರುಗಳನ್ನ ಸುತ್ತಿ, ಇಮೇಜ್ ಆಗಿದ್ದ ಕಡೆ ಅದೇ ಹೆಸರಿಗೆ ಹೊಸ ಚಿತ್ರ ಪುಟ್ ಮಾಡಿದ್ರೆ ಮುಗೀತು. ಪೈಮುಪಿಡಿಎಫ್‌ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ಅಲ್ಲಿ ರಿಪ್ಲೇಸ್ ಇಮೇಜ್ ಆಬ್ಜೆಕ್ಟನ್ನೇ ಬದಲಾಯಿಸುತ್ತೆ, ಹಾಗಾಗಿ ಅದೇ ಚಿತ್ರ ಬಳಸಿದ ಎಲ್ಲ ಪುಟದಲ್ಲೂ ಒಂದೇ ಏಟಿಗೆ ಬದಲಾಗುತ್ತೆ. ಇಲ್ಲಿ ನೀವು ಬದಲಾಯಿಸೋದು ಆ ಪುಟದ ಹೆಸರಿನ ಕೊಂಡಿ, ಆದ್ದರಿಂದ ಪುಟಪುಟಕ್ಕೂ ಮಾಡ್ಬೇಕು. ಫೋಟೋ ಆದ್ರೆ ಜೆಪೆಗ್ ಫ್ಯಾಕ್ಟರಿ, ಬೈಟ್‌ಗಳು ಇದ್ದ ಹಾಗೇ ಒಳಗೆ ಹೋಗುತ್ತೆ. ಲೋಗೋ, ಗೆರೆ ಚಿತ್ರ ಆದ್ರೆ ಲಾಸ್‌ಲೆಸ್ ಫ್ಯಾಕ್ಟರಿ.

ಲೈಸೆನ್ಸ್ ಕೂಡ ನೋಡ್ಕೊಳ್ಳಿ. ಪಿಡಿಎಫ್‌ಬಾಕ್ಸ್ ಅಪಾಚೆ 2.0, ಯಾವ ತಕರಾರೂ ಇಲ್ಲ. ಪೈಮುಪಿಡಿಎಫ್, ಐಟೆಕ್ಸ್ಟ್ ಎರಡೂ ಎಜಿಪಿಎಲ್ (ಬಳಸಿ ಮಾಡಿದ ಸಾಫ್ಟ್‌ವೇರ್ ಹಂಚಿದ್ರೆ ಅದರ ಮೂಲ ಕೋಡನ್ನೂ ಕೊಡ್ಬೇಕು ಅನ್ನೋ ಲೈಸೆನ್ಸ್), ಇಲ್ಲಾ ದುಡ್ಡು ಕೊಟ್ಟು ತಗೋಬೇಕು.

ಪುಟ್ಟಪೈಥಾನ್:
ಎಜಿಪಿಎಲ್ ಅಂದ್ರೆ ಪ್ರಕಾಶನದವ್ರು ಪುಸ್ತಕಾನೂ ಫ್ರೀ ಕೊಡ್ಬೇಕಾ??

ಜಾವಾಮೇಷ್ಟ್ರು:
ಇಲ್ಲಪ್ಪ. ಅದು ಸಾಫ್ಟ್‌ವೇರಿಗೆ, ನೀನು ತಯಾರಿಸಿದ ಪುಸ್ತಕಕ್ಕಲ್ಲ. ನಿಮ್ಮ ಕಂಪ್ಯೂಟರಲ್ಲಿ ಸ್ಕ್ರಿಪ್ಟ್ ಓಡಿಸಿ ಪಿಡಿಎಫ್ ಹೊರಗೆ ಕೊಟ್ರೆ ಸಮಸ್ಯೆ ಇಲ್ಲ. ಅದನ್ನೇ ಒಂದು ಆ್ಯಪ್ ಮಾಡಿ ಮಾರಿದ್ರೆ, ಇಲ್ಲಾ ವೆಬ್‌ಸೈಟಲ್ಲಿ ಸೇವೆ ಅಂತ ಇಟ್ರೆ ಆಗ ಷರತ್ತು ಓದ್ಕೊಂಡೇ ಮುಂದೆ ಹೋಗ್ಬೇಕು. ಅಂಥದ್ದಕ್ಕೆ ಪೈಥಾನಲ್ಲೇ ಬೇಕಂದ್ರೆ ಪೈಪಿಡಿಎಫ್ ಇದೆ, ಬಿಎಸ್‌ಡಿ ಲೈಸೆನ್ಸು. ಪೈಕ್‌ಪಿಡಿಎಫ್ ಇದೆ, ಎಂಪಿಎಲ್ 2.0.

ನೇಸರ:
ಪೈಪಿಡಿಎಫ್ ಬಗ್ಗೆ ಒಂದು ಎಚ್ಚರಿಕೆ. ಅದರ ರಿಪ್ಲೇಸ್ ಬರೆಯೋಕೆ ಸುಲಭ, ಆದ್ರೆ ರೈಟರ್‌ಗೆ ಕ್ಲೋನ್ ಮಾಡ್ಕೊಂಡ ಪುಟದಲ್ಲಿ ಮಾತ್ರ ನಡೆಯುತ್ತೆ, ಬರೀ ರೀಡರಲ್ಲಿ ತೆಗೆದಿದ್ರೆ ಎರರ್. ಇನ್‌ಲೈನ್ ಚಿತ್ರ ಬದಲಾಯಿಸಲ್ಲ. ಮತ್ತೆ ಚಿತ್ರ ಪಿಲ್ಲೋ ಮೂಲಕ ಹೋಗೋದ್ರಿಂದ ಆರ್‌ಜಿಬಿ (ಪರದೆಯ ಮೂರು ಬಣ್ಣದ) ಲೋಗೋ ಜೆಪೆಗ್ ಆಗ್ಬಿಡುತ್ತೆ, ಅಕ್ಷರದ ಅಂಚಲ್ಲಿ ಧೂಳು ಕೂತಂಗೆ ಕಲೆ ಬರುತ್ತೆ. ಕ್ವಾಲಿಟಿ ಏರಿಸಿ ಕೊಡಿ. ವಿಳಾಸ ಚಿತ್ರದೊಳಗೇ ಇದೆ ಅಂದ್ರಲ್ಲ, ಅಷ್ಟು ಸಣ್ಣ ಕನ್ನಡ ಅಕ್ಷರಕ್ಕೆ ಜೆಪೆಗ್ ಒಳ್ಳೇದಲ್ಲ.

ಗಂಡುಮೆಟ್ಟು:
ನಂದೂ ಒಂದು ಕೇಳೂದಿತ್ತರಿ. ನಾನು ಪೈಕ್‌ಪಿಡಿಎಫ್ ಒಳಗ ಆಬ್ಜೆಕ್ಟಿನ ಸ್ಟ್ರೀಮ್ ಅಷ್ಟ ಬದಲ್ ಮಾಡೇನಿ, ಅಗಲ ಎತ್ತರಾನೂ ಬದಲ್ ಮಾಡೇನಿ. ಹೊಸ ಚಿತ್ರ ಬರ್ತೈತಿ, ಆದ್ರ ಹಳೇ ಲೋಗೋದ ಆಕಾರದಾಗ ಕತ್ತರಿಸಿದಂಗ ಕಾಣಾಕತ್ತೈತಿ. ಹಳೇದು ದುಂಡಗಿತ್ತು, ಹೊಸ ಚೌಕನೂ ದುಂಡಗ ಬರ್ತದ. ಇದೇನಿದು?

ನೇಸರ:
ಎಸ್‌ಮಾಸ್ಕ್. ಪಿಡಿಎಫ್‌ನಲ್ಲಿ ಪಾರದರ್ಶಕತೆ ಚಿತ್ರದೊಳಗೆ ಇರಲ್ಲ, ಅದು ಇನ್ನೊಂದು ಬೂದು ಚಿತ್ರ, ಮೂಲ ಚಿತ್ರದ ಡಿಕ್ಷನರಿಯಿಂದ, ಅಂದ್ರೆ ಅದರ ವಿವರಪಟ್ಟಿಯಿಂದ, ಅದಕ್ಕೊಂದು ಕೊಂಡಿ ಇರುತ್ತೆ. ನೀವು ಬಣ್ಣದ ಚಿತ್ರ ಬದಲಾಯಿಸಿದ್ರಿ, ಹಳೇ ದುಂಡು ಮಾಸ್ಕ್ ಹಾಗೇ ಉಳೀತು. ಆ ಕೀಲಿ ಅಳಿಸಿ, ಇಲ್ಲಾ ಹೊಸ ಪಿಎನ್‌ಜಿಯ ಆಲ್ಫಾನ ಬೇರೆ ಮಾಡಿ ಹೊಸ ಮಾಸ್ಕ್ ಇಡಿ. ಹಂಗೇ ಕಲರ್‌ಸ್ಪೇಸ್, ಬಿಟ್ಸ್ ಪರ್ ಕಾಂಪೊನೆಂಟ್, ಡಿಕೋಡ್, ಫಿಲ್ಟರ್ ಎಲ್ಲ ಹೊಸ ಚಿತ್ರಕ್ಕೆ ತಾಳೆ ಆಗ್ತಿದ್ಯಾ ನೋಡಿ. ಜೆಪೆಗ್ ಫೈಲನ್ನ ಡಿಸಿಟಿಡಿಕೋಡ್ ಅಂತ ಫಿಲ್ಟರ್ ಹಾಕಿ ಇದ್ದ ಹಾಗೇ ಇಡಬಹುದು. ಪಿಎನ್‌ಜಿ ಫೈಲನ್ನ ಹಂಗೆ ಇಡೋಕಾಗಲ್ಲ, ಬಿಚ್ಚಿ ಪಿಕ್ಸೆಲ್ ತೆಗೆದು ಫ್ಲೇಟ್‌ಡಿಕೋಡಲ್ಲಿ ಒತ್ತಿ ಇಡ್ಬೇಕು. ಪೈಮುಪಿಡಿಎಫ್ ಇದನ್ನೆಲ್ಲ ತಾನೇ ಮಾಡುತ್ತೆ, ಕೈಯಾರೆ ಮಾಡೋವಾಗ ನಾವು ನೋಡ್ಕೋಬೇಕು.

ಗಂಡುಮೆಟ್ಟು:
ಅಗದೀ ಛಲೋ ಆತ್ರಿ, ಮಾಸ್ಕ್ ಕೀಲಿ ತೆಗದ ಕೂಡ್ಲೇ ಸರಿ ಆತು.

ಕಡಲಕೋಡು:
ಅಕ್ಷರಜೋಡಣೆಯವರೇ, ನಿಮ್ಮ ಫೈಲುಗಳಲ್ಲಿ ಬೇರೆ ಬೇರೆ ಪಾಠದ ಪಿಡಿಎಫ್ ಸೇರಿಸಿ ಒಂದು ಮಾಡಿದ್ದು ಉಂಟಾ? ಹಾಗಿದ್ರೆ ಒಂದೇ ಲೋಗೋ ಹತ್ತು ಬೇರೆ ನಂಬರಲ್ಲಿ ಇರ್ತದೆ. ನಂಬರ್ ನೋಡಿ ಬದಲಾಯಿಸಿದ್ರೆ ಒಂದು ಪಾಠದಲ್ಲಿ ಹೊಸತು, ಉಳಿದದ್ರಲ್ಲಿ ಹಳತು. ಇಮೇಜ್ ಇನ್ಫೋ ಕೇಳುವಾಗ ಹ್ಯಾಶಸ್ ಆನ್ ಮಾಡಿ, ಪ್ರತಿ ಚಿತ್ರಕ್ಕೆ ಒಂದು ಎಂಡಿ5, ಅಂದ್ರೆ ಬೆರಳಚ್ಚಿನ ಹಾಗಿನ ಗುರುತು, ಕೊಡ್ತದೆ. ಮೊದಲು ಎಲ್ಲ ಫೈಲಿನ ಹ್ಯಾಶ್ ಒಂದು ಪಟ್ಟಿ ಮಾಡಿ, ಯಾವುದು ಲೋಗೋ ಅಂತ ಕಣ್ಣಲ್ಲಿ ನೋಡಿ ಗುರುತು ಹಾಕಿ, ಆಮೇಲೆ ಆ ಹ್ಯಾಶ್ ಕಂಡಲ್ಲೆಲ್ಲ ಬದಲಾಯಿಸಿ. ಒಂದೇ ಲೋಗೋವನ್ನು ಬೇರೆ ಸೈಜಿನಲ್ಲಿ ಸೇವ್ ಮಾಡಿದ್ರೆ ಹ್ಯಾಶ್ ಬೇರೆ ಬರ್ತದೆ, ಅದಕ್ಕೇ ಕಣ್ಣಲ್ಲಿ ಒಮ್ಮೆ ನೋಡ್ಲೇಬೇಕು.

ಅಕ್ಷರಜೋಡಣೆ:
ಎಲ್ರಿಗೂ ತುಂಬಾ ಧನ್ಯವಾದ. ಹ್ಯಾಶ್ ಪಟ್ಟಿ ಮಾಡ್ದೆ, ಲೋಗೋ ಐದು ರೂಪದಲ್ಲಿದೆ, ಹಳೇ ಡಿಸೈನರ್‌ಗಳು ಒಬ್ಬೊಬ್ರು ಒಂದೊಂದು ಸೈಜ್ ಇಟ್ಟಿದ್ದಾರೆ. ಎಳ್ದಂಗೆ ಕಾಣ್ತಿದ್ದಿದ್ದು ಕ್ಯಾನ್ವಾಸ್ ಹೊಂದಿಸಿದ್ಮೇಲೆ ಸರಿಯಾಯ್ತು. ಖಾಲಿ ಪಟ್ಟಿ ಬರ್ತಿದ್ದ ಫೈಲುಗಳು ವೆಕ್ಟರೇ, ಗೆಟ್ ಡ್ರಾಯಿಂಗ್ಸ್ ಕೇಳಿದ್ರೆ ರಾಶಿ ಗೆರೆ ಬರುತ್ತೆ. ಅವನ್ನ ಏನ್ಮಾಡ್ಲಿ?

ಒಳಪುಟ:
ಮೊದಲು ಪುಟದ ಎಕ್ಸ್‌ಆಬ್ಜೆಕ್ಟ್ ಪಟ್ಟಿ ನೋಡಿ. ಆ ಗೆರೆಗಳು ಫಾರ್ಮ್ ಎಕ್ಸ್‌ಆಬ್ಜೆಕ್ಟ್ ಅನ್ನೋ ಪ್ರತ್ಯೇಕ ಆಬ್ಜೆಕ್ಟ್ ಒಳಗಿದ್ರೆ ಕೆಲಸ ಸುಲಭ, ಅದರ ಸ್ಟ್ರೀಮನ್ನ ಖಾಲಿ ಮಾಡಿ, ಅದೇ ಜಾಗಕ್ಕೆ ಹೊಸ ಚಿತ್ರ ಇನ್ಸರ್ಟ್ ಮಾಡಿ. ನೇರ ಪುಟದ ಸ್ಟ್ರೀಮಲ್ಲೇ ಇದ್ರೆ ರಿಡ್ಯಾಕ್ಷನ್ (ಗುರುತು ಹಾಕಿದ ಜಾಗ ಅಳಿಸೋದು) ದಾರಿ. ಲೋಗೋ ಸುತ್ತ ರಿಡ್ಯಾಕ್ಟ್ ಚೌಕ ಹಾಕಿ, ಫಿಲ್ ಬಣ್ಣ ಬೇಡ ಅಂತ ಹೇಳಿ ಅಪ್ಲೈ ಮಾಡಿದ್ರೆ ಚೌಕದೊಳಗಿನ ಗೆರೆಗಳು ನಿಜವಾಗ್ಲೂ ಅಳಿದು ಹೋಗುತ್ತೆ. ಆದ್ರೆ ಹುಷಾರು, ಚೌಕ ತಾಗಿದ ಅಕ್ಷರಾನೂ ಹೋಗುತ್ತೆ. ನುಡಿ ಫಾಂಟಲ್ಲಿ ಒತ್ತು ಬೇರೆಯೇ ಗ್ಲಿಫ್, ಮೇಲಿನ ಸಾಲಿನ ಒತ್ತು ಕೆಳಕ್ಕೆ ಇಳಿದು ಚೌಕಕ್ಕೆ ತಾಗಿದ್ರೆ ಅಕ್ಷರ ಉಳಿದು ಒತ್ತು ಮಾತ್ರ ಮಾಯ ಆಗ್ಬಹುದು. ಅಂಥಾದ್ದು ಕಣ್ಣಿಗೆ ಬೇಗ ಬೀಳಲ್ಲ. ಚೌಕ ಬಿಗಿಯಾಗಿ ಹಾಕಿ.

ಅದಕ್ಕೇ ಎಲ್ಲ ಫೈಲಿಗೂ ಒಂದು ತಪಾಸಣೆ ಕಡ್ಡಾಯ ಇಟ್ಕೊಳ್ಳಿ. ಹಳೇ ಪುಟ, ಹೊಸ ಪುಟ ಎರಡನ್ನೂ 150 ಡಿಪಿಐಗೆ ಪಿಕ್ಸ್‌ಮ್ಯಾಪ್ (ಪುಟದ ಪಿಕ್ಸೆಲ್ ಚಿತ್ರ) ಮಾಡಿ, ಪಿಲ್ಲೋದ ಇಮೇಜ್‌ಚಾಪ್ಸ್ ಡಿಫರೆನ್ಸ್ ತೆಗೆದು, ವ್ಯತ್ಯಾಸ ಇರೋ ಜಾಗದ ಬೌಂಡಿಂಗ್ ಬಾಕ್ಸ್ ಕೇಳಿ. ಅದು ಲೋಗೋ ಚೌಕದೊಳಗೇ ಇದ್ರೆ ಪಾಸ್. ಹೊರಗೆ ಒಂದು ಪಿಕ್ಸೆಲ್ ಬದಲಾಗಿದ್ರೂ ಆ ಫೈಲ್ ಪಕ್ಕಕ್ಕಿಟ್ಟು ಕೈಯಾರೆ ನೋಡಿ. ಉಳಿದ ಫೈಲುಗಳ ಕರಡು ತಿದ್ದೋ ಕೆಲಸಾನೇ ತಪ್ಪುತ್ತೆ.

ಮೊಳೆಅಚ್ಚು:
ಈ ತಪಾಸಣೆ ಮಾತು ಬಹಳ ಇಷ್ಟ ಆಯ್ತು. ಪ್ರೆಸ್ಸಲ್ಲಿರೋನಾಗಿ ಇನ್ನೊಂದು ಸೇರಿಸ್ತೀನಿ, ಬಣ್ಣ. ಹಳೇ ಪುಟ ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ) ಅಥವಾ ಬರೀ ಕಪ್ಪಲ್ಲಿ ಇರುತ್ತೆ, ನೀವು ಆರ್‌ಜಿಬಿ ಪಿಎನ್‌ಜಿ ತಂದು ಹಾಕ್ತೀರ. ಪರದೆ ಮೇಲೆ ಎರಡೂ ಕಪ್ಪೇ. ಪ್ಲೇಟ್ ಮಾಡೋವಾಗ ಆರ್‌ಜಿಬಿ ಕಪ್ಪು ನಾಲ್ಕೂ ಬಣ್ಣಕ್ಕೆ ಹಂಚ್ಕೊಳ್ಳುತ್ತೆ, ಆಫ್‌ಸೆಟ್‌ನಲ್ಲಿ ಒಂದು ಕೂದಲೆಳೆ ರಿಜಿಸ್ಟ್ರೇಷನ್ ತಪ್ಪಿದ್ರೂ ಆ ಸಣ್ಣ ವಿಳಾಸದ ಅಕ್ಷರಕ್ಕೆ ನೀಲಿ, ಕೆಂಪು ಅಂಚು ಬರುತ್ತೆ. ಒಂದೇ ಬಣ್ಣದ ಪುಸ್ತಕಕ್ಕೆ ಲೋಗೋನ ಗ್ರೇಸ್ಕೇಲ್ ಮಾಡಿ ಹಾಕಿ, ಕಪ್ಪು ಪ್ಲೇಟಿಗೆ ಮಾತ್ರ ಹೋಗುತ್ತೆ. ರಕ್ಷಾಪುಟಕ್ಕೆ ಸಿಎಂವೈಕೆ ಜೆಪೆಗ್. ಪಿಎನ್‌ಜಿಯಲ್ಲಿ ಸಿಎಂವೈಕೆ ಇಲ್ವೇ ಇಲ್ಲ.

ನೇಸರ:
ಫೋಟೋಶಾಪಿಂದ ಬಂದ ಸಿಎಂವೈಕೆ ಜೆಪೆಗ್ ಒಳಗೆ ಬೆಲೆಗಳು ಉಲ್ಟಾ ಇರುತ್ತೆ, ಪೈಕ್‌ಪಿಡಿಎಫಲ್ಲಿ ಕೈಯಾರೆ ಇಟ್ರೆ ನೆಗೆಟಿವ್ ಥರ ಕಾಣುತ್ತೆ. ಡಿಕೋಡ್ ಸಾಲಲ್ಲಿ 1 0 1 0 1 0 1 0 ಕೊಟ್ರೆ ಸರಿಹೋಗುತ್ತೆ.

ಪುಟ್ಟಪೈಥಾನ್:
ನಾನು ಮೊಬೈಲಲ್ಲಿ ತೆಗೆದ ಫೋಟೋ ಹಾಕಿದ್ರೆ ಅಡ್ಡ ಮಲಗುತ್ತಲ್ಲ ಅದ್ಯಾಕೆ?

ಒಳಪುಟ:
ಮೊಬೈಲ್ ಫೋಟೋ ತಿರುಗಿರೋ ಮಾಹಿತಿ ಎಕ್ಸಿಫ್‌ನಲ್ಲಿ ಇರುತ್ತೆ, ಪಿಡಿಎಫ್ ಅದನ್ನ ನೋಡಲ್ಲ. ಪಿಲ್ಲೋದಲ್ಲಿ ಎಕ್ಸಿಫ್ ಟ್ರಾನ್ಸ್‌ಪೋಸ್ ಅಂತ ಇದೆ, ಅದರಲ್ಲಿ ನೆಟ್ಟಗೆ ಮಾಡ್ಕೊಂಡು ಆಮೇಲೆ ಹಾಕು.

ಹೊಳೆಸಾಲು:
ಇದೇ ಥರ ಪಹಣಿ, ಮಾರ್ಕ್ಸ್‌ಕಾರ್ಡ್ ಪಿಡಿಎಫಲ್ಲಿ ಫೋಟೋ ಚೇಂಜ್ ಮಾಡ್ಬಹುದಾ ಬ್ರೋ? ಫ್ರೆಂಡ್ ಕೇಳ್ತಿದ್ದ.

ಜಾವಾಮೇಷ್ಟ್ರು:
ಮಾಡಬಾರದು. ಅದು ದಾಖಲೆ ತಿದ್ದೋ ಅಪರಾಧ, ಫ್ರೆಂಡ್‌ಗೆ ಸ್ಪಷ್ಟವಾಗಿ ಹೇಳು. ತಾಂತ್ರಿಕವಾಗಿ ನೋಡಿದ್ರೂ, ಡಿಜಿಟಲ್ ಸಹಿ ಇರೋ ಪಿಡಿಎಫಲ್ಲಿ ಸಹಿ ಮಾಡಿದ ಬೈಟ್‌ಗಳ ವ್ಯಾಪ್ತಿ ಫೈಲಲ್ಲೇ ಬರೆದಿರುತ್ತೆ, ಅದರ ಹ್ಯಾಶ್ ಸಹಿಯೊಳಗಿರುತ್ತೆ. ಚಿತ್ರ ಬದಲಾಯಿಸಿ ಪೂರ್ತಿ ಸೇವ್ ಮಾಡಿದ್ರೆ ಸಹಿ ಮುರಿಯುತ್ತೆ, ಪರಿಶೀಲಿಸಿದವ್ರಿಗೆ ಗೊತ್ತಾಗುತ್ತೆ. ಆ ಸಹಿ ಇಟ್ಟಿರೋದೇ ಇದಕ್ಕೆ.

ಗಂಡುಮೆಟ್ಟು:
ಹಂಗಾದ್ರ ಸ್ಕ್ಯಾನ್ ಮಾಡಿದ ಹಳೇ ಪುಸ್ತಕದಾಗ? ನಮ್ಮ ಊರ ಗ್ರಂಥಾಲಯದ್ದು ಸ್ಕ್ಯಾನ್ ಮಾಡಿ ಓಸಿಆರ್ ಹಾಕೇವಿ, ಕೆಲವು ಪುಟ ಮಸುಕ ಅದಾವ, ಮತ್ತ ಸ್ಕ್ಯಾನ್ ಮಾಡಿ ಆ ಪುಟದ ಚಿತ್ರ ಅಷ್ಟ ಬದಲ್ ಮಾಡಬೇಕಂತೀವಿ, ಹುಡುಕಾಟಕ್ಕ ಹಾಕಿದ ಅಕ್ಷರ ಹಂಗ ಉಳೀಬೇಕು.

ಕಡಲಕೋಡು:
ಆಗ್ತದೆ. ಓಸಿಆರ್ ಅಕ್ಷರ ಕಾಣದ ಪದರವಾಗಿ ಪುಟದ ಸ್ಟ್ರೀಮಲ್ಲಿರ್ತದೆ, ಚಿತ್ರ ಬದಲಾದ್ರೆ ಅದಕ್ಕೇನೂ ಆಗುದಿಲ್ಲ. ಆದ್ರೆ ಹೊಸ ಸ್ಕ್ಯಾನ್ ಸ್ವಲ್ಪ ಓರೆಯಾದ್ರೂ ಹುಡುಕಿದ ಶಬ್ದದ ಮೇಲೆ ಬೀಳುವ ಬಣ್ಣ ಬೇರೆ ಸಾಲಿಗೆ ಹೋಗ್ತದೆ, ಹಳೇ ಸ್ಕ್ಯಾನಿಗೆ ಅಂಚು ತಾಳೆ ಮಾಡಿ ಕತ್ತರಿಸಿ. ಕೆಲವು ಸ್ಕ್ಯಾನರ್ ಹಿನ್ನೆಲೆ ಒಂದು ಚಿತ್ರ, ಅಕ್ಷರದ ಕಪ್ಪು ಇನ್ನೊಂದು ಮಾಸ್ಕ್ ಅಂತ ಪದರ ಪದರ ಮಾಡ್ತವೆ. ಹಿನ್ನೆಲೆ ಮಾತ್ರ ಬದಲಾಯಿಸಿದ್ರೆ ಹಳೇ ಮಸುಕು ಅಕ್ಷರ ಮೇಲೆ ಹಾಗೇ ನಿಲ್ತದೆ. ಮೊದಲು ಪಿಡಿಎಫ್‌ಇಮೇಜಸ್‌ನ ಲಿಸ್ಟ್ ಆಯ್ಕೆ ಹಾಕಿ ಆ ಪುಟದಲ್ಲಿ ಎಷ್ಟು ಸಾಲು ಬರ್ತದೆ ನೋಡಿ. ಒಂದೇ ಸಾಲು ಬಂದ್ರೆ ಧೈರ್ಯವಾಗಿ ಮುಂದುವರಿಯಿರಿ.

ಪುಟ್ಟಪೈಥಾನ್:
ಆಫ್ ಟಾಪಿಕ್: ನುಡಿ ಪುಸ್ತಕಗಳನ್ನೆಲ್ಲ ಯೂನಿಕೋಡ್ ಮಾಡಿದ್ರೆ ಹುಡುಕೋಕೂ ಆಗುತ್ತಲ್ಲ, ಅದನ್ನ ಯಾಕೆ ಮಾಡಲ್ಲ ಯಾರೂ?

ಮೊಳೆಅಚ್ಚು:
ಮಾಡ್ಬೇಕು ತಮ್ಮಾ. ಪರಿವರ್ತಕಗಳಿವೆ, ಆದ್ರೆ ಪಿಡಿಎಫಿಂದ ಅಕ್ಷರ ಎತ್ತಿದ್ರೆ ಸಾಲಿನ ಕ್ರಮ ಕಲಸುತ್ತೆ, ಅರ್ಕಾವೊತ್ತು, ಒತ್ತು ಜಾಗ ತಪ್ಪುತ್ತೆ, ಪ್ರತಿ ಪುಟ ಮನುಷ್ಯ ಓದ್ಲೇಬೇಕು. ಅದಕ್ಕೆ ಬೇರೆ ಚರ್ಚೆ ಶುರು ಮಾಡು, ಖಂಡಿತ ಬರ್ತೀನಿ.

ಅಕ್ಷರಜೋಡಣೆ:
ತಪಾಸಣೆ ಸ್ಕ್ರಿಪ್ಟ್ ಓಡಿಸ್ದೆ. ಬಹುಪಾಲು ಫೈಲ್ ಪಾಸ್. ಒಂದಷ್ಟರಲ್ಲಿ ಲೋಗೋದ ಮೇಲಿನ ಒಂದು ಪಟ್ಟೆ ಮಾತ್ರ ಬದಲಾಗಿ ಕೆಳಗೆ ಹಳೇದೇ ಉಳಿದಿದೆ, ಹೊಸ ಇಡೀ ಲೋಗೋ ಆ ಪಟ್ಟೆಯೊಳಗೆ ಚಪ್ಪಟೆಯಾಗಿ ಕೂತಿದೆ.

ಒಳಪುಟ:
ಅವು ಸೀಳಿರೋ ಚಿತ್ರಗಳು. ಪಾರದರ್ಶಕತೆ ಫ್ಲಾಟನ್ ಮಾಡಿ ಎಕ್ಸ್‌ಪೋರ್ಟ್ ಮಾಡಿದಾಗ ಒಂದು ಚಿತ್ರ ಅಡ್ಡ ಪಟ್ಟಿಗಳಾಗಿ ಒಡೆದುಹೋಗುತ್ತೆ, ಪ್ರತಿ ಪಟ್ಟಿಗೂ ಬೇರೆ ನಂಬರ್. ಪುಟದ ಎಲ್ಲ ಚಿತ್ರಗಳ ಚೌಕ ತಗೊಂಡು, ಅಂಚಿಗೆ ಅಂಚು ತಾಗಿರೋವನ್ನ ಒಟ್ಟುಗೂಡಿಸಿ ಒಂದು ದೊಡ್ಡ ಚೌಕ ಮಾಡಿ. ಮೊದಲನೇ ಪಟ್ಟಿಯಿಂದ ಕೊನೇದರವರೆಗೂ ಡಿಲೀಟ್ ಇಮೇಜ್ ಕರೀರಿ, ಅದು ಪ್ರತಿಯೊಂದರ ಜಾಗದಲ್ಲಿ ಒಂದು ಪುಟ್ಟ ಪಾರದರ್ಶಕ ಚಿತ್ರ ಇಡುತ್ತೆ, ಪುಟದ ಆಜ್ಞೆ ಮುರಿಯಲ್ಲ. ಆಮೇಲೆ ಆ ದೊಡ್ಡ ಚೌಕಕ್ಕೆ ಹೊಸ ಲೋಗೋ ಇನ್ಸರ್ಟ್ ಮಾಡಿ, ಪ್ರಪೋರ್ಷನ್ ಉಳಿಸು ಅಂತ ಕೊಟ್ರೆ ಕ್ಯಾನ್ವಾಸ್ ಹೊಂದಿಸೋ ಕೆಲಸಾನೂ ಇಲ್ಲ.

ತುಂಗಾತೀರ:
ಈ ಪಟ್ಟಿ ಫೈಲುಗಳು ನಮ್ಮಲ್ಲೂ ಇವೆ, ಬಿಳಿ ಆಯತ ಬಿಟ್ಟು ಇದನ್ನೇ ಮಾಡಿ ನೋಡ್ತೀನಿ. ಒಳಪುಟ ಸರ್, ಚೌಕಗಳ ನಡುವೆ ಕೂದಲೆಳೆ ಬಿರುಕು ಇದ್ರೆ ಅಂಚು ತಾಗಿದೆ ಅಂತ ಹೆಂಗೆ ಹಿಡಿಯೋದು?

ಒಳಪುಟ:
ಪ್ರತಿ ಚೌಕಾನ 1 ಪಾಯಿಂಟ್ ಹಿಗ್ಗಿಸಿ, ಆಮೇಲೆ ಒಂದಕ್ಕೊಂದು ಇಂಟರ್‌ಸೆಕ್ಟ್ ಆಗುತ್ತಾ ಕೇಳಿ.